ಒಳಲೆಯಲ್ಲಿ ಅಳೆದ ನೀರು

ಮೊನ್ನೆ ಗಂಡನ ಊರು ಸಿಂಧಘಟ್ಟದಲ್ಲಿ ಬೆಲ್ಲ ತರಲು ಅಂಗಡಿಗೆ ಹೊರಟಿದ್ದೆ. ನಮ್ಮ ಬೀದಿಯ ಕೊನೆಯ ಮನೆಯ ಕಿಟಕಿಯಿಂದ ಓಮ ಹುರಿದ ವಾಸನೆ ಬಂತು. ಅದರ ಹಿಂದೆಯೇ ಸುಟ್ಟ ಬೆಳ್ಳುಳ್ಳಿ, ಅದರ ಹಿಂದೆ ಸಾಂಬ್ರಾಣಿ ಹೊಗೆ. ಈ ಮೂರೂ ಒಟ್ಟಿಗೆ ಬಂದರೆ ಒಳಗೊಬ್ಬಳು ಬಾಣಂತಿ ಮಲಗಿದ್ದಾಳೆ ಎಂದು ಮೂಗಿರುವ ಯಾರಾದರೂ ಹೇಳುತ್ತಾರೆ. ಬೇರೆ ಹೆಂಗಸರಿಗೆ ಆ ವಾಸನೆ ಬಡಿದರೆ ಎಳೆ ಮಗುವಿನ ಪಾದ ನೆನಪಾಗುತ್ತದಂತೆ. ನನಗೆ ಬಾಯಿ ಒಣಗಿತು. ಒಣಗಿತು ಅಂದರೆ ಸುಮ್ಮನೆ ಅಲ್ಲ, ನಾಲಿಗೆ ಮೇಲೆ ಹಸಿ ಭತ್ತ ಹರಡಿದ್ದರೆ ಸಂಜೆಯೊಳಗೆ ಮಿಲ್ಲಿಗೆ ಹಾಕಬಹುದಿತ್ತು. ಅಂಗಡಿಗೆ ಹೋಗಿ ಬೆಲ್ಲದ ಬದಲು ನೀರು ಕೇಳಿದೆ.

ನನಗಿನ್ನೂ ಇಪ್ಪತ್ತು ತುಂಬಿಲ್ಲ. ಪಿಯುಸಿಯಲ್ಲಿ ಸೈನ್ಸು ತೆಗೆದುಕೊಂಡು ನಮ್ಮೂರಿನ ಹುಡುಗಿಯರಲ್ಲೆಲ್ಲ ಫಸ್ಟು ಬಂದವಳು ನಾನು. ಸೈನ್ಸು ತೆಗೆದುಕೊಂಡ ಹುಡುಗಿ ಊರಿಗೆಲ್ಲ ನಾನೊಬ್ಬಳೇ ಎಂಬುದು ಬೇರೆ ವಿಷಯ. ಅದಾದ ಮೇಲೆ ಇನ್ನೊಂದರಲ್ಲೂ ಫಸ್ಟು ಬಂದೆ. ಹೋದ ವರ್ಷ, ತೊಂಬತ್ತೇಳರ ಬೇಸಿಗೆಯಲ್ಲಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನಷ್ಟು ಬಾಯಾರಿದ ಜೀವ ಇನ್ನೊಂದಿರಲಿಲ್ಲ. ಬೇಕಾದರೆ ಪಂದ್ಯ ಇಟ್ಟು ನೋಡಬಹುದಿತ್ತು.

ಆ ವರ್ಷ ಯುಗಾದಿ ಕಳೆದ ಮೇಲೆ ಪಾಂಡವಪುರದಲ್ಲಿ ನನಗೆ ಗಂಡು ಮಗುವಾಯಿತು. ಹೆರಿಗೆಯ ಬಗ್ಗೆ ಬರೆಯುವುದಿಲ್ಲ, ಓದುವ ಗಂಡಸರು ಮೂರ್ಛೆ ಹೋದರೆ ಯಾರು ಎಬ್ಬಿಸುತ್ತಾರೆ. ಎಲ್ಲ ಮುಗಿದ ಮೇಲೆ ನರ್ಸು ದೊಡ್ಡ ಲೋಟದ ತುಂಬ ನೀರು ಕೊಟ್ಟಳು. ನಾನು ಅದನ್ನು ಗೌರವವೇ ಇಲ್ಲದೆ ಗಟಗಟ ಕುಡಿದು ಲೋಟ ಬದಿಗಿಟ್ಟೆ. ಅಂಥ ಲೋಟ ಇನ್ನು ಬಹಳ ದಿನ ಕಣ್ಣಿಗೆ ಬೀಳುವುದಿಲ್ಲ ಎಂದು ಗೊತ್ತಿದ್ದರೆ ಒಂದೊಂದು ಗುಟುಕಿಗೂ ಕೈಮುಗಿಯುತ್ತಿದ್ದೆ.

ನನ್ನ ತವರು ಪಾಂಡವಪುರದ ಹತ್ತಿರ, ನಾಲೆಯ ಪಕ್ಕ. ಪಕ್ಕ ಅಂದರೆ ನಮ್ಮ ಹಿತ್ತಲಲ್ಲಿ ಹಸು ಕೆಮ್ಮಿದರೆ ನಾಲೆಯ ಮೀನು ಬೆಚ್ಚಿಬೀಳುವಷ್ಟು ಪಕ್ಕ. ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ ಮುಚ್ಚಿದ್ದರು. ಆದರೆ ಕಂಬಳಿ ಗಾಳಿಯನ್ನು ತಡೆಯುತ್ತದೆಯೇ ಹೊರತು ಸದ್ದನ್ನಲ್ಲ. ಹಗಲೆಲ್ಲ ನೀರು ಹರಿಯುವ ಸದ್ದು. ಆ ನೀರಿಗೆ ಅಷ್ಟು ದೂರದ ಮದ್ದೂರಿನ ಗದ್ದೆಗೆ ಹೋಗಲು ಪುರುಸೊತ್ತಿತ್ತು, ನನ್ನ ಗಂಟಲಿಗೆ ಬರಲು ಇರಲಿಲ್ಲ.

ಯಾಕೆಂದರೆ ನಿಂಗತ್ತೆ ಬಂದಿದ್ದಳು.

ನಿಂಗತ್ತೆ ನನ್ನ ಅಪ್ಪನ ಅಕ್ಕ. ನನ್ನ ಗಂಡ ರಮೇಶನ ತಾಯಿ ಕೂಡ ಅವಳೇ, ಸೋದರತ್ತೆಯ ಮಗನನ್ನೇ ನಾನು ಕಟ್ಟಿಕೊಂಡದ್ದು. ಹಾಗಾಗಿ ಅವಳಿಂದ ತಪ್ಪಿಸಿಕೊಂಡು ತವರಿಗೆ ಹೋಗೋಣವೆಂದರೆ ಅದು ಅವಳ ತವರೂ ಆಗಿತ್ತು. ಬಾಣಂತನ ಮಾಡಬೇಕಾದವಳು ಹೆತ್ತ ತಾಯಿ. ಆದರೆ ಸಿಂಧಘಟ್ಟದಲ್ಲಿ ನಿಂಗತ್ತೆ ಬಾಣಂತನ ಮಾಡದ ಮನೆಯೇ ಇಲ್ಲ ಎಂದು ಸುದ್ದಿಯಿತ್ತು, ಆ ಸುದ್ದಿಯನ್ನು ಹಬ್ಬಿಸಿದವಳೂ ನಿಂಗತ್ತೆಯೇ. ಅವಳು ಬಸ್ಸಿನಿಂದ ಇಳಿದಾಗ ಬಸ್ಸು ಒಂದು ಗೇಣು ಮೇಲೆದ್ದಿತೆಂದು ಅಪ್ಪ ಹೇಳುತ್ತಿದ್ದ. ಕಂಕುಳಲ್ಲಿ ಬಾಣಂತಿ ಖಾರದ ಡಬ್ಬ, ಕೈಯಲ್ಲಿ ಓಮದ ಗಂಟು. ಅವ್ವ ಸೆರಗು ಹೊದ್ದು ಬಾಗಿಲಿಗೆ ಬಂದು ಕಾಲು ತೊಳೆಯಲು ನೀರು ಕೊಟ್ಟಳು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಅಕ್ಕ ಬಂದಳೆಂದರೆ ಅವ್ವ ತನ್ನ ಅಡುಗೆಮನೆಯಲ್ಲೇ ನೆಂಟಳಾಗಿಬಿಡುತ್ತಿದ್ದಳು.

ಅತ್ತೆ ಮಗುವಿನ ಮೂಗು ಹಿಂಡಿ ನೇರ ಮಾಡಿ, ನನ್ನ ಕಡೆ ತಿರುಗಿದಳು.

"ನೋಡವ್ವ ಬಾಗ್ಯ, ಇವತ್ತಿಂದ ನೀರು ಅಂದ್ರೆ ಇಸ ಅನ್ಕೊ. ಬಾಣ್ತಿ ನೀರು ಕುಡುದ್ರೆ ವಟ್ಟೆ ದಪ್ಪಾಯ್ತದೆ, ಆಲು ನೀರಾಯ್ತದೆ, ಕೂಸ್ಗೆ ನೆಗಡಿ ಕಟ್ಕತದೆ."

"ಬಾಯಾರುದ್ರೆ ಏನತ್ತೆ ಮಾಡ್ಲಿ?"

"ಬಾಯಾರಾಕಿಲ್ಲ. ಅದೆಲ್ಲ ಮನಸಿನ ಚಾಳಿ."

ಊಟ ಮಾತ್ರ ರಾಜೋಪಚಾರ. ಬಿಸಿ ಅನ್ನ, ತುಪ್ಪ, ಮೆಣಸು ಶುಂಠಿ ಹಿಪ್ಪಲಿ ಕುಟ್ಟಿದ ಖಾರ, ಹಿಡಿ ಹಿಡಿ ಬೆಳ್ಳುಳ್ಳಿ. ನಾನು ಆ ಬೇಸಿಗೆ ತಿಂದ ಮೆಣಸಿಗೆ ಕೊಡಗಿನ ಎರಡು ತೋಟವಾದರೂ ಬೋಳಾಗಿರಬೇಕು. ಬೆಳ್ಳುಳ್ಳಿ ತಿಂದು ಉಸಿರು ಬಿಟ್ಟರೆ ಬಾಗಿಲಲ್ಲಿ ಮಲಗಿದ ನಾಯಿ ಎದ್ದು ಎದುರು ಮನೆಗೆ ಹೋಗುತ್ತಿತ್ತು. ಸಾರು ಕೇಳಿದರೆ ಗಟ್ಟಿ ಗೊಜ್ಜು. ಮಜ್ಜಿಗೆ ಎಂಬ ಮಾತು ಬಾಯಿಂದ ಬಂದರೆ ಸಾಕು, ಅತ್ತೆ ಮಗುವಿನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು, ಮಾತಿನಿಂದಲೇ ಶೀತ ಆಗಿಬಿಡುತ್ತದೆ ಎಂಬಂತೆ. ಊಟವಾದ ಮೇಲೆ ಒಳಲೆ ಬರುತ್ತಿತ್ತು. ಒಳಲೆ ಅಂದರೆ ಎಳೆಗೂಸಿಗೆ ಹಾಲು ಹನಿಸುವ ಕೊಕ್ಕಿನ ಬೆಳ್ಳಿ ಬಟ್ಟಲು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಅದರ ತುಂಬ ಕುದಿಸಿ ಆರಿಸಿದ ಜೀರಿಗೆ ನೀರು. ಮಧ್ಯಾಹ್ನ ಒಂದು, ಸಂಜೆ ಒಂದು. ಬಿಸಿಲು ಹೆಂಚನ್ನು ಸುಡುತ್ತಿದ್ದ ಏಪ್ರಿಲ್ ತಿಂಗಳಲ್ಲಿ, ಕೋಣೆಯೊಳಗೆ ಕೆಂಡದ ಬಾಂಡ್ಲಿ ಬೇರೆ ಇಟ್ಟುಕೊಂಡು, ಮೀಸೆಯಿಲ್ಲದ ತಪ್ಪಿಗೆ ನಾನು ಕೂಸಿನ ಬಟ್ಟಲಲ್ಲಿ ನೀರು ಕುಡಿಯುತ್ತಿದ್ದೆ.

"ಅತ್ತೆ, ಆಲ್ನಲ್ಲಿ ಇರೋದೇ ನೀರು ಕಣತ್ತೆ. ನಾನು ಸೈನ್ಸು ಓದಿವ್ನಿ."

"ಅದ್ಕೇ ಡೈರಿಯೋನು ನಿಮ್ಮಪ್ಪನ್ನ ಬಯ್ಯೋದು," ಎಂದಳು ಅತ್ತೆ.

ಬಾಗಿಲಾಚೆ ಅಪ್ಪ ನಕ್ಕಿದ್ದು ಕೇಳಿಸಿತು. ಮಾತಿಗೆ ಮಾತು ಕೊಡುವುದರಲ್ಲಿ ನಾನೂ ಕಮ್ಮಿಯಿಲ್ಲ, ಆದರೆ ಒಣಗಿದ ಬಾಯಲ್ಲಿ ಒಳ್ಳೆ ಮಾತು ಹುಟ್ಟುವುದಿಲ್ಲ.

ಬೆಳಿಗ್ಗೆ ಸ್ನಾನ. ಅದನ್ನು ಸ್ನಾನ ಎನ್ನುವುದು ಮರ್ಯಾದೆಗೆ, ನಿಜವಾಗಿ ಅದು ಕುಕ್ಕರಿನಲ್ಲಿ ಬೇಳೆ ಬೇಯಿಸುವ ಕೆಲಸ. ಬಚ್ಚಲ ಹಂಡೆಗೆ ತೆಂಗಿನ ಮಟ್ಟೆ ಉರಿ ಹಾಕಿ, ನನ್ನನ್ನು ಮಣೆಯ ಮೇಲೆ ಕೂರಿಸಿ, ಹರಳೆಣ್ಣೆ ಮೆತ್ತಿ, ಅತ್ತೆ ಚೆಂಬಿನ ಮೇಲೆ ಚೆಂಬು ಹುಯ್ಯುತ್ತಿದ್ದಳು. ಹಂಡೆ ತಳ ಕಂಡರೆ ಅವ್ವ ಓಡಿಬಂದು ತುಂಬಬೇಕು. ನನ್ನ ಮೈಮೇಲೆ ದಿನಕ್ಕೆ ಬೀಳುತ್ತಿದ್ದ ನೀರಿನಲ್ಲಿ ಒಂದು ಮಡಿ ಭತ್ತ ನಾಟಿ ಮಾಡಬಹುದಿತ್ತು. ನೆತ್ತಿಯಲ್ಲಿ ನೀರು, ಕಿವಿಯಲ್ಲಿ ನೀರು, ಸೊಂಟಕ್ಕೆ ಬೀಸಿ ಎರಚಿದ ನೀರು. ಎರಡನೇ ದಿನಕ್ಕೇ ನನ್ನ ಸೈನ್ಸು ಕೆಲಸ ಮಾಡಿತು. ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಬಾಯಿ ಮಾತ್ರ ಒಂದಿಷ್ಟು ಬಿಟ್ಟುಕೊಂಡು ಕೂತೆ. ನಾಲಿಗೆ ಸುಟ್ಟಿತು, ಸೀಗೆಪುಡಿ ಬಂತು, ಹರಳೆಣ್ಣೆ ಬಂತು. ಆದರೂ ನೀರು ನೀರೇ. ಕೆಲವು ದಿನ ಹೀಗೆ ನಡೆಯಿತು. ಒಂದು ದಿನ ಗಂಟಲು ಗುಟುಕ್ ಎಂದುಬಿಟ್ಟಿತು.

"ಏನಮ್ಮಿ ಅದು ಸದ್ದು?"

"ತೇಗು ಬಂತತ್ತೆ."

"ತಲೆ ಮೇಲೆ ನೀರು ಬೀಳ್ತಿದ್ರೆ ತೇಗ್ತಾಳಂತೆ! ತಗಿ ಬಾಯಿ."

ಮಾರನೆಯ ದಿನದಿಂದ ವೀಳ್ಯದೆಲೆಯಲ್ಲಿ ಓಮ ಸುತ್ತಿ, ನೀರು ಹುಯ್ಯುವ ಮೊದಲು ನನ್ನ ಹಲ್ಲಿನ ನಡುವೆ ಇಡುತ್ತಿದ್ದಳು. "ಕಚ್ಕೊ. ಬುಟ್ರೆ ನಂಗೆ ಗೊತ್ತಾಯ್ತದೆ." ಲಗಾಮು ಹಾಕಿದ ಜಟಕಾ ಕುದುರೆಯ ಹಾಗೆ ಕೂತು ಸ್ನಾನ ಮಾಡಿದವಳು ನಾನು. ಜಟಕಾ ಕುದುರೆಗಾದರೂ ನಿಲ್ದಾಣದಲ್ಲಿ ತೊಟ್ಟಿ ಇರುತ್ತದೆ.

ಇದರ ನಡುವೆ ಕೊಟ್ಟಿಗೆಯಲ್ಲಿ ಇನ್ನೊಂದು ಬಾಣಂತನ ನಡೆಯುತ್ತಿತ್ತು. ನನಗೆ ಹೆರಿಗೆಯಾದ ವಾರವೇ ನಮ್ಮ ಸೀಮೆಹಸು ಗೌರಿ ಕರು ಹಾಕಿತ್ತು. ಅದರ ಬಾಣಂತನವೂ ಅತ್ತೆಯದೇ. ಬಕೆಟ್ಟಿನ ತುಂಬ ನೀರು, ಅದಕ್ಕೆ ಬೂಸ, ಹಿಂಡಿ, ಒಂದು ಅಚ್ಚು ಬೆಲ್ಲ. ಗೌರಿ ಮೂತಿ ಮುಳುಗಿಸಿ ಸೊರ್ರನೆ ಎಳೆಯುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು. ಒಂದು ಸಂಜೆ ಅತ್ತೆ ಅದರ ಬೆನ್ನು ಸವರುತ್ತ ಹೇಳುತ್ತಿದ್ದಳು: "ಕುಡಿ ನನ್ ತಾಯಿ, ವಟ್ಟೆ ತುಂಬ ಕುಡಿ. ನೀರು ಕುಡೀದೆ ಆಲು ಎಲ್ಲಿಂದ ಬಂದಾತು?"

ನಾನು ಮಂಚದಿಂದಲೇ ಕೂಗಿದೆ: "ಅತ್ತೇ! ಅದೇ ಮಾತ ಒಸಿ ಇಲ್ಲಿ ಬಂದು ನಂಗೂ ಯೋಳತ್ತೆ!"

ಅತ್ತೆ ಬಾಗಿಲಲ್ಲಿ ತಲೆ ಹಾಕಿದಳು. ಸಿಟ್ಟಿರಲಿಲ್ಲ, ಮರುಕವಿತ್ತು. "ಅದು ಮೂಕ ಪ್ರಾಣಿ ಕಣಮ್ಮಿ. ನಿಂಗೆ ಬುದ್ಧಿ ಐತೆ. ತಡ್ಕೊಬೇಕು."

ಬುದ್ಧಿಯಿದ್ದದ್ದಕ್ಕೆ ನನಗೆ ಸಿಕ್ಕ ಬಹುಮಾನ ಒಳಲೆ. ಬುದ್ಧಿಯಿಲ್ಲದ ಗೌರಿಗೆ ಬಕೆಟ್ಟು.

ಹಾಗೆಂದು ನನಗೆ ಕುಡಿಯಲು ಏನೂ ಕೊಡಲಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. ಬ್ರಾಂದಿ ಕೊಟ್ಟರು. ಅಪ್ಪ ಪೇಪರಿನಲ್ಲಿ ಸುತ್ತಿ ಕ್ವಾರ್ಟರ್ ಬಾಟಲಿ ತಂದ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಅದರ ಮುಚ್ಚಳದಲ್ಲಿ ಅಳೆದು ನನ್ನ ಬಾಯಿಗೆ ಹುಯ್ದು, ಮೇಲೆ ಒಂದು ಚೂರು ಬೆಲ್ಲ ಇಟ್ಟಳು. ಬಾಣಂತಿಗೆ ಮೈ ಬೆಚ್ಚಗಿರಬೇಕು, ಮೊದಲಿನಿಂದ ಎಲ್ಲರ ಮನೆಯಲ್ಲೂ ಹೀಗೇ. ಅಪ್ಪ ಬಾಗಿಲಲ್ಲಿ ನಿಂತು ಬಾಟಲಿಯನ್ನೇ ನೋಡುತ್ತಿದ್ದ.

"ಅಕ್ಕ, ನಂಗೂ ಯಾಕೋ ಒಸಿ ಶೀತ ಆದಂಗೈತೆ."

"ನಿಂಗೇನ್ಲಾ ಎರಿಗೆ ಆಗೈತಾ? ನಡಿಯಲಾ ಆಚ್ಗೆ."

ಮೊದಲ ದಿನ ನನಗೆ ಗಂಟಲಿನಿಂದ ಹೆಬ್ಬೆರಳಿನವರೆಗೆ ಬೆಂಕಿ ಇಳಿದು, ಆಮೇಲೆ ನಗು ಹತ್ತಿತು. ಅತ್ತೆಯ ಕೈ ಹಿಡಿದುಕೊಂಡು, "ಅತ್ತೆ, ನಿನ್ ಮಗ ಬಾಯಿ ತಕ್ಕೊಂಡು ಮಲಗ್ತಾನೆ ಕಣತ್ತೆ, ಅದ್ರೊಳಗೆ ಎರಡು ನೊಣ ಸಂಸಾರ ಮಾಡ್ಬೋದು," ಎಂದೆನಂತೆ. ಅತ್ತೆಗೆ ಕೋಪ ಬರಲಿಲ್ಲ. "ಮದ್ದು ಹಿಡೀತಾ ಐತೆ," ಎಂದು ಅವ್ವನಿಗೆ ಹೇಳಿದಳು. ಅದಾದ ಮೇಲೆ ಮೊಲೆ ಕುಡಿದ ಮಗು ಹಾಗೇ ನಿದ್ದೆಗೆ ಬಿತ್ತು. ಬೆಳಗಾದರೂ ಏಳಲಿಲ್ಲ. ಅಲ್ಲಿಯವರೆಗೆ ಗಳಿಗೆಗೊಮ್ಮೆ ಊರಿಗೆಲ್ಲ ಕೇಳುವಂತೆ ಅಳುತ್ತಿದ್ದ ಮಗು.

"ನೋಡೇ ಎಂಗ್ ಮಲ್ಗವ್ನೆ," ಎಂದಳು ಅತ್ತೆ. "ರಾಜ."

ರಾಜ ದಿನದಿಂದ ದಿನಕ್ಕೆ ಹೆಚ್ಚು ಮಲಗಿದ. ಮೊದಮೊದಲು ನನ್ನ ಎದೆ ಕಲ್ಲಿನ ಹಾಗೆ ಬಿಗಿದು, ಅವನು ಕೂಗಿದರೆ ಸಾಕು ರವಿಕೆ ಒದ್ದೆಯಾಗುತ್ತಿತ್ತು. ಅವನು ಏಳದೆ, ಚೀಪದೆ, ಅದು ಮೆತ್ತಗಾಗುತ್ತ ಬಂತು. ಆಮೇಲೆ ಹಗುರವಾಯಿತು. ಎದ್ದಾಗ ಅವನು ಎರಡು ಸಲ ಚೀಪಿ, ಬಾಯಿ ಬಿಟ್ಟು, ನನ್ನ ಮುಖವನ್ನು ನೋಡುತ್ತಿದ್ದ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಎಂದರೆ ಗಿರಾಕಿ ನೋಡುತ್ತಾನಲ್ಲ, ಹಾಗೆ.

ಒಂದು ಭಾನುವಾರ ರಮೇಶ ಮೊಪೆಡ್ಡಿನ ಎರಡೂ ಕಡೆ ಎಳನೀರು ನೇತುಹಾಕಿಕೊಂಡು ಬಂದ. ಸಿಂಧಘಟ್ಟದ ತೋಟದ್ದು. ಅಷ್ಟು ದೂರ, ಆ ಬಿಸಿಲಲ್ಲಿ, ನನಗೆಂದೇ ತಂದಿದ್ದ. ನಾನು ಅವನನ್ನು ಮದುವೆಯಾದದ್ದಕ್ಕೆ ಪೂರ್ತಿ ಸಂತೋಷಪಟ್ಟದ್ದು ಆ ಅರ್ಧ ನಿಮಿಷ. ಅತ್ತೆ ಎಳನೀರಿಗೂ ನನ್ನ ಕೋಣೆಯ ಬಾಗಿಲಿಗೂ ನಡುವೆ ಬಂದು ನಿಂತಳು.

"ಏನ್ಲಾ ಇದು? ನಿನ್ ಮಗನ್ನ ಸಾಯಿಸ್ಬೇಕು ಅಂತಿದ್ದೀಯೇನ್ಲಾ? ಎಳನೀರು ಅಂದ್ರೆ ಶೀತದ್ ಗಡ್ಡೆ."

"ಅಲ್ಲ ಕಣವ್ವ, ಅವ್ಳು ಪೋನ್ನಲ್ಲಿ ಬಾಯಾರ್ತದೆ ಅಂದ್ಳು..."

"ಅವ್ಳು ಅಂತಾಳೆ, ನೀನು ಕೇಳ್ತೀಯ. ಕುಡಿಯಲಾ ನೀನೇ."

ಅವನು ಕುಡಿದ. ಅಪ್ಪ ಕುಡಿದ. ನನ್ನ ಬಾಗಿಲ ಎದುರಿನ ಜಗಲಿಯಲ್ಲಿ ಕೂತು, ಗಲ್ಲದಿಂದ ಸೋರಿದ್ದನ್ನು ಅಂಗಿಯಲ್ಲಿ ಒರೆಸಿಕೊಳ್ಳುತ್ತ ಇಬ್ಬರೂ ಕುಡಿದರು. ಆಮೇಲೆ ಒಳಗೆ ಬಂದ ರಮೇಶನ ಬಾಯಿಂದ ಎಳನೀರಿನ ವಾಸನೆ ಬರುತ್ತಿತ್ತು. "ಒಸಿ ದಿನ ತಡ್ಕೊ. ಅವ್ವಂಗೆ ಎಲ್ಲ ಗೊತ್ತಿರ್ತದೆ," ಎಂದ. ನಾನು ಅವನ ಮುಖವನ್ನು ನೆಕ್ಕಿಬಿಡಬೇಕು ಎಂದುಕೊಂಡೆ. ಅದನ್ನು ಅವನು ಪ್ರೀತಿ ಎಂದು ತಿಳಿದುಕೊಂಡಾನೆಂದು ಸುಮ್ಮನಾದೆ.

ಮಗು ಸೀನಿದರೆ ಅತ್ತೆ ನನ್ನ ತುಟಿಯನ್ನು ನೋಡುತ್ತಿದ್ದಳು, ಒದ್ದೆಯಾಗಿದೆಯೇ ಎಂದು. ಸೀನುವುದು ಮಗು, ವಿಚಾರಣೆ ನನಗೆ. ಇನ್ನೊಂದು ವಿಷಯದಲ್ಲಿ ಮಾತ್ರ ಅವಳಿಗೆ ಮೊಮ್ಮಗನ ಮೇಲೆ ಬಹಳ ಹೆಮ್ಮೆ. ಮೊದಲ ವಾರಗಳಲ್ಲಿ ಹಿತ್ತಲ ತಂತಿಯ ತುಂಬ ಅವನ ಉಚ್ಚೆಬಟ್ಟೆಗಳು ಒಣಗುತ್ತಿದ್ದವು. ಹಳೆಯ ಪಂಚೆ, ಹಳೆಯ ಸೀರೆ, ಎಲ್ಲ ಹರಿದು ಮಾಡಿದ್ದು. ಈಗ ತಂತಿಯಲ್ಲಿ ಒಂದೋ ಎರಡೋ. ನೋಡಲು ಬಂದ ಹೆಂಗಸರಿಗೆ ಅತ್ತೆ ಅದನ್ನು ತೋರಿಸುತ್ತಿದ್ದಳು: "ಬಲು ಅಚ್ಚುಕಟ್ಟು ಕಣವ್ವ ನಮ್ ಕೂಸು. ಬಟ್ಟೆ ಒದ್ದೇನೇ ಮಾಡಾಕಿಲ್ಲ." ಹೆಂಗಸರು ಗಲ್ಲಕ್ಕೆ ಕೈಯಿಟ್ಟು ಮೆಚ್ಚಿಕೊಂಡರು. ಅಪ್ಪ ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ನಿಂತು ಊರಿಗೆಲ್ಲ ಹೇಳಿದ. ನಾನೂ ಹೆಮ್ಮೆಪಟ್ಟೆ, ಸೈನ್ಸು ಓದಿದವಳು.

ಹೆಮ್ಮೆಪಡದವಳು ಅವ್ವ ಒಬ್ಬಳೇ. ಬಟ್ಟೆ ಒಗೆಯುತ್ತಿದ್ದವಳು ಅವಳು. ಒಂದು ದಿನ ಒಣ ಬಟ್ಟೆಯನ್ನು ಕೈಯಲ್ಲಿ ಹಿಡಿದು ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನ ಕೆನ್ನೆ ಇಳಿದು, ಹಣೆ ಸುಕ್ಕಾಗಿ, ಪಿಂಚಣಿಗೆ ಅರ್ಜಿ ಹಾಕಬಹುದಾದ ಮುಖವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಪಾಂಡವಪುರದ ಸಂತೆಗೆ ಹೊರಟಳು. ಅವಳ ಚಪ್ಪಲಿಯ ಸದ್ದು ಬೀದಿ ತಿರುಗಿದ ಕೂಡಲೇ ಅವ್ವ ಸೆರಗಿನೊಳಗೆ ಉದ್ದನೆಯ ಸ್ಟೀಲ್ ಲೋಟ ಮುಚ್ಚಿಕೊಂಡು ಬಂದಳು. ತಣ್ಣಗಿನ ನೀರು. ಲೋಟದ ಹೊರಗೆಲ್ಲ ಬೆವರು.

"ಬಿರ್‌ಬಿರ್ನೆ ಕುಡಿ ಮಗ," ಎಂದಳು. ಅವಳ ಧ್ವನಿ ಕಳ್ಳತನಕ್ಕೆ ಹೊಸಬರ ಧ್ವನಿ. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅರ್ಧ ಕುಡಿದೆ. ಬಾಯಿಂದ ಲೋಟ ತೆಗೆಯಲು ಮನಸ್ಸಾಗದೆ ಲೋಟದೊಳಗೇ ಉಸಿರಾಡಿದೆ. ಆಗ ಬಾಗಿಲು ತೆರೆಯಿತು. ಅತ್ತೆ ಎಲೆಅಡಿಕೆ ಚೀಲ ಮರೆತಿದ್ದಳು.

ನನ್ನ ಕೈಯಲ್ಲಿ ಲೋಟ. ಅವ್ವನ ಸೆರಗಿನಲ್ಲಿ ಲೋಟದ ದುಂಡನೆಯ ಒದ್ದೆ ಗುರುತು. ಅತ್ತೆ ಇಬ್ಬರನ್ನೂ ನೋಡಿದಳು. ಕೂಗಲಿಲ್ಲ.

"ಯಾರು ಕೊಟ್ಟೋರು?"

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ತೇಗು, ಕೆಮ್ಮು, ಮಗುವಿನ ಮುಖ ಒರೆಸಲು ತಂದ ನೀರು, ನನ್ನ ಹತ್ತಿರ ಸುಳ್ಳಿಗೆ ಬರಗಾಲವಿಲ್ಲ. ಅಷ್ಟರಲ್ಲಿ ಅವ್ವ ಮಾತಾಡಿದಳು.

"ನಾ ಕೊಡ್ನಿಲ್ಲ ಕಣಕ್ಕ. ಬಟ್ಟೆ ತಕ್ಕೊಂಡೋಗಾಕೆ ಬಂದೆ, ನೋಡುದ್ರೆ ಕುಡೀತಾವ್ಳೆ. ಅವ್ಳೇ ಎದ್ದೋಗಿ ಬಗ್ಗಿಸ್ಕೊಂಡವ್ಳೆ. ಎಷ್ಟು ದಿನದಿಂದ ಇಂಗ್ ಮಾಡ್ತಾವ್ಳೋ."

ಅವಳು ನನ್ನ ಕಡೆ ನೋಡದೆ ಹೇಳಿದಳು. ನಾನು ತೆರೆದ ಬಾಯಿ ಮುಚ್ಚಿ ಲೋಟವನ್ನು ಕೆಳಗಿಟ್ಟೆ.

"ಅಂಗನ್ನು," ಎಂದಳು ಅತ್ತೆ. ಬಹಳ ದಿನ ಬಿಡಿಸಲಾಗದ ಲೆಕ್ಕ ಬಿಡಿಸಿದವಳ ಹಾಗೆ ಮಂಚದ ತುದಿಗೆ ಕೂತಳು. "ನಾನೂ ಯೋಚ್ನೆ ಮಾಡ್ತಿದ್ದೆ, ಇಷ್ಟು ಖಾರ ತಿನ್ಸುದ್ರೂ ಆಲು ಯಾಕ್ ಬತ್ತಾ ಐತೆ ಅಂತ. ಕದ್ದು ನೀರು ಕುಡುದ್ರೆ ಇನ್ನೇನಾದಾತು."

ಅತ್ತೆ ಸಂತೆಗೆ ಹೋಗಲಿಲ್ಲ. ಅವತ್ತಿನಿಂದ ಅವಳ ಚಾಪೆ ನನ್ನ ಬಾಗಿಲಿಗೆ ಅಡ್ಡ ಬಿತ್ತು. ಒಳಲೆ ಅರ್ಧವಾಯಿತು. ಬ್ರಾಂದಿ ಎರಡು ಮುಚ್ಚಳವಾಯಿತು. ನೀರು ಕಡಿಮೆಯಾದಷ್ಟೂ ಹಾಲು ಕಡಿಮೆಯಾಯಿತು, ಹಾಲು ಕಡಿಮೆಯಾದಷ್ಟೂ ನಾನು ಎಲ್ಲಿಂದಲೋ ನೀರು ಕದಿಯುತ್ತಿದ್ದೇನೆ ಎಂಬುದು ಗಟ್ಟಿಯಾಯಿತು. ಆ ಕೋಣೆಯಲ್ಲಿ ಕದಿಯಲು ಇದ್ದದ್ದು ನನ್ನ ಕಣ್ಣೀರು ಮಾತ್ರ, ಅದೂ ಸರಿಯಾಗಿ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಪಕ್ಕದ ಮನೆಯವನಿಗೆ ಮೊಮ್ಮಗನ ಅಚ್ಚುಕಟ್ಟು ತೋರಿಸಲೆಂದು ಮಗುವನ್ನು ಎತ್ತಿಕೊಂಡು ಜಗಲಿಗೆ ಹೋದ. "ನೋಡ್ಲಾ, ರಾತ್ರಿ ಹಾಕಿದ್ ಬಟ್ಟೆ ಇನ್ನೂ ಇಸ್ತ್ರಿ ಮಾಡ್ದಂಗೈತೆ," ಎಂದು ನಗುತ್ತಿದ್ದವನು ಇದ್ದಕ್ಕಿದ್ದಂತೆ ಒಳಗೆ ಕೂಗಿದ.

"ಅಕ್ಕ, ಇವ್ನು ಯಾಕೋ ಕಣ್ಣೇ ಬುಡ್ತಿಲ್ಲ ಕಣಕ್ಕ. ಕುತ್ತಿಗೆ ನಿಲ್ತಿಲ್ಲ."

ಪಕ್ಕದ ಮನೆಯವನ ಟೆಂಪೊದಲ್ಲಿ ಪಾಂಡವಪುರಕ್ಕೆ ಹೋದೆವು. ಮಗುವಿನ ಮೈಯಲ್ಲಿ ನೀರೇ ಇಲ್ಲ ಎಂದರು. ಕೂದಲಿನಷ್ಟು ಸಣ್ಣ ನರ ಹುಡುಕಿ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಅವನು ಚುಚ್ಚಿದ್ದಕ್ಕೂ ಅಳಲಿಲ್ಲ. ಸಂಜೆಯ ಹೊತ್ತಿಗೆ ಅತ್ತ. ಅಳು ಕೇಳಿ ಅಷ್ಟು ಖುಷಿಪಟ್ಟ ತಾಯಿ ಆ ವಾರ್ಡಿನಲ್ಲಿ ನಾನೊಬ್ಬಳೇ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡರು.

"ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡ್ತಿದ್ದ?"

"ಬಲು ಅಚ್ಚುಕಟ್ಟು ಕಣವ್ವ," ಎಂದಳು ಅತ್ತೆ. "ಒಂದೋ ಎರಡೋ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ತಾಯಿ ಏನು ಕುಡೀತಾಳೆ?"

"ಬ್ರಾಂದಿ," ಎಂದೆ ನಾನು.

"ನೀರು?"

"ಒಳಲೇಲಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಮೊಲೆ ಕುಡಿಸೋಳು ಬಾಯಾರಿದಾಗೆಲ್ಲ ಕುಡೀಬೇಕು. ನೀರು, ಮಜ್ಜಿಗೆ, ಗಂಜಿ, ಸಾರು, ಹಾಲು, ಯಾವುದಾದ್ರೂ ಸರಿ. ಅದರಿಂದ ಮಗುಗೆ ಶೀತ ಆಗಲ್ಲ. ಬ್ರಾಂದಿ ಮಾತ್ರ ಮುಟ್ಟಬೇಡಿ, ಅದು ಹಾಲಿನ ಜೊತೆ ಮಗು ಹೊಟ್ಟೆಗೆ ಹೋಗುತ್ತೆ, ಅದಕ್ಕೇ ಇವನು ಏಳ್ತಿರಲಿಲ್ಲ. ಎಬ್ಬಿಸಿ ಎಬ್ಬಿಸಿ ಎದೆಗೆ ಹಾಕು. ಚೀಪಿದಷ್ಟೂ ಹಾಲು ಮತ್ತೆ ಬರುತ್ತೆ. ಬಾಟ್ಲಿ ಅಭ್ಯಾಸ ಮಾಡಿಸಬೇಡಿ."

ಎಲ್ಲರೂ ತಲೆಯಾಡಿಸಿದರು. ಅತ್ತೆ ಎಲ್ಲರಿಗಿಂತ ಚೆನ್ನಾಗಿ ಆಡಿಸಿದಳು. ಗೇಟು ದಾಟಿದ ಮೇಲೆ ಅಪ್ಪನ ಕಡೆ ತಿರುಗಿದಳು.

"ಆ ವಮ್ಮಂಗೆ ಕತ್ನಲ್ಲಿ ತಾಳಿ ಇಲ್ಲ ಕಣ್ಲಾ. ಬಾಣ್ತನ ಏನ್ ಗೊತ್ತಾದಾತು? ಇವ್ಳು ಕದ್ದು ಕುಡುದು ಈ ಗತಿ ಆಗೈತೆ, ಇನ್ನೂ ಕುಡಿ ಅಂತಾಳೆ."

"ಅಪ್ಪ," ಎಂದೆ. "ಡಾಕ್ಟ್ರು ಯೋಳಿದ್ದು ನೀನೂ ಕೇಳುಸ್ಕೊಂಡೆ ತಾನೆ?"

ಅಪ್ಪ ಟೆಂಪೊದ ಟೈರಿಗೆ ಗಾಳಿ ಇದೆಯೇ ಎಂದು ಒದ್ದು ನೋಡಿದ. ಆಮೇಲೆ ಎದುರಿನ ಮೆಡಿಕಲ್ ಅಂಗಡಿಗೆ ಹೋಗಿ ಹಾಲಿನ ಬಾಟಲಿ ತಂದ.

ಆ ಬಾಟಲಿಗೆ ಗೌರಿಯ ಹಾಲು. ಎಳೆಗೂಸಿಗೆ ಹಸುವಿನ ಹಾಲು ಗಟ್ಟಿಯಾಗುತ್ತದೆಂದು ಅತ್ತೆ ಅದಕ್ಕೆ ಸಮಸಮ ನೀರು ಬೆರೆಸಿದಳು. ನನ್ನ ಗಂಟಲಿಗೆ ಇಳಿದರೆ ಮಗು ಸಾಯುತ್ತದೆ ಎಂದ ನೀರು, ಬಾಟಲಿಯಲ್ಲಿ ಸೀದಾ ಮಗುವಿನ ಗಂಟಲಿಗೆ ಇಳಿಯಿತು. ಯಾರಿಗೂ ಏನೂ ಅನ್ನಿಸಲಿಲ್ಲ. ಬ್ರಾಂದಿ ನಿಂತಿತು, ಅಪ್ಪ ಹೊಸ ಬಾಟಲಿ ತರಲಿಲ್ಲ. ಒಳಲೆ ನಿಲ್ಲಲಿಲ್ಲ. "ಇರೋ ಒಸಿ ಆಲಾದ್ರೂ ಕೆಡೋದು ಬ್ಯಾಡ," ಎಂದಳು ಅತ್ತೆ.

ನಾನು ಬಿಡಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಅವನನ್ನು ಎಬ್ಬಿಸಿ ಎಬ್ಬಿಸಿ ಎದೆಗೆ ಹಾಕಿದೆ. ಬಾಟಲಿಯ ರಬ್ಬರಿನಲ್ಲಿ ತಾನಾಗಿ ಸುರಿಯುತ್ತಿದ್ದ ಹಾಲಿನ ರುಚಿ ಕಂಡವನಿಗೆ ನನ್ನದು ಚೌಕಾಸಿ ವ್ಯಾಪಾರ. ಒಂದು ಸಲ ಚೀಪುತ್ತಿದ್ದ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೆ, ಕಾಗೆ ಕೂಗುತ್ತಿದ್ದೆ, ಪಿಯುಸಿಯ ಕೆಮಿಸ್ಟ್ರಿ ಲೆಕ್ಕಗಳನ್ನು ರಾಗವಾಗಿ ಹಾಡುತ್ತಿದ್ದೆ. ಅವನು ಮುಖ ತಿರುಗಿಸಿ ಅತ್ತೆಯ ಸೀರೆಯ ಬಣ್ಣ ಹುಡುಕುತ್ತಿದ್ದ, ಬಾಟಲಿ ಬರುತ್ತಿದ್ದದ್ದು ಆ ಬಣ್ಣದ ಜೊತೆ. ಬಂದ ಹೆಂಗಸರಿಗೆ ಅತ್ತೆ ಈಗ ತಂತಿಯ ಬಟ್ಟೆ ತೋರಿಸುತ್ತಿರಲಿಲ್ಲ, ನನ್ನನ್ನು ತೋರಿಸುತ್ತಿದ್ದಳು. "ಕದ್ದು ನೀರು ಕುಡುದ್ಳು ಕಣವ್ವ, ಎದೆ ಬತ್ತೋಯ್ತು." ಅವರು ಜೊತೆಗೆ ಕರೆತಂದ ಬಸುರಿ ಸೊಸೆಯರಿಗೆ ಮೊಣಕೈಯಲ್ಲಿ ತಿವಿದು, "ಕೇಳುಸ್ಕೊ," ಎನ್ನುತ್ತಿದ್ದರು.

ಒಂದು ದಿನ ಅತ್ತೆ ಬಚ್ಚಲಿಗೆ ಹೋದಾಗ ಅವ್ವ ನನ್ನ ತಲೆ ಬಾಚುತ್ತಿದ್ದಳು. ಕೇಳಿದೆ.

"ಯಾಕವ್ವ ಅಂಗಂದೆ ಅವತ್ತು?"

ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. "ನೀನಾದ್ರೆ ಮೂರು ತಿಂಗ್ಳಿಗೆ ಗಂಡನ್ ಮನೆಗೆ ಓಯ್ತೀಯ ಮಗ," ಎಂದಳು. "ನಾನು ಈ ಮನೇಲೇ ಇರ್ಬೇಕಲ್ಲ."

"ನಾನು ಓಗೋದು ಅವ್ಳ್ ಮನೆಗೇ ಅಲ್ವೇನವ್ವ?"

ಅವ್ವ ಸಿಕ್ಕನ್ನು ಬಿಡಿಸಿ, ನನಗೆ ನೋಯದ ಹಾಗೆ ಬುಡ ಹಿಡಿದುಕೊಂಡು, ಜಡೆ ಹೆಣೆದಳು.

ಮೇ ತಿಂಗಳು ಮುಗಿಯುತ್ತ ಬಂದಿತ್ತು, ಮಳೆಯಿನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಮಂಚದ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಟಲಿ ಕೊಡುತ್ತಿದ್ದಳು. ಇನ್ನೊಂದು ಕೈಯಿಂದ ನನ್ನ ಎದೆಯನ್ನು ಒತ್ತಿ ನೋಡಿದಳು. ಹಸು ಗಬ್ಬವಾದಾಗ ಕೆಚ್ಚಲು ನೋಡುವ ಕೈ ಅದು, ಅದಕ್ಕೆ ಗೊತ್ತಾಗದ್ದಿಲ್ಲ. ಮತ್ತೊಂದು ಸಲ ಒತ್ತಿದಳು. ಹನಿ ಬರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಿಕೊಳ್ಳಲು ಏನೂ ಇರಲಿಲ್ಲ.

"ಆಯ್ತು ಬುಡು," ಎಂದಳು. ಆಮೇಲೆ ಒಳಗೆ ಕೂಗಿದಳು, ನಿಜವಾಗಿಯೂ ಕನಿಕರದಿಂದ, ಆ ಧ್ವನಿಯಲ್ಲಿ ಸುಳ್ಳಿರಲಿಲ್ಲ: "ಲೇ, ಅವ್ಳಿಗೆ ನೀರ್ ತಂದ್ ಕೊಡೇ. ಪಾಪ, ಎಷ್ಟು ಬೇಕೋ ಅಷ್ಟು ಕುಡೀಲಿ. ಇನ್ನೇನೈತೆ ಕೆಡಾಕೆ."

ಅವ್ವ ಮಡಕೆಯಿಂದ ಬಗ್ಗಿಸಿಕೊಂಡು ಬಂದಳು. ದೊಡ್ಡ ಹಿತ್ತಾಳೆ ಚೆಂಬು, ಕಂಠದವರೆಗೆ. ಕೊಡುವಾಗ ನನ್ನ ಮಡಿಲಿಗೆ ಚೆಲ್ಲಿತು. ನಾನು ಚೆಂಬನ್ನು ತೆಗೆದುಕೊಂಡು ಬಾಯಿಗಿಟ್ಟೆ. ತಣ್ಣಗಿತ್ತು. ಪಕ್ಕದಲ್ಲಿ ಮಗು ಬಾಟಲಿ ಎಳೆಯುವ ಸದ್ದು ಕೇಳುತ್ತಿತ್ತು, ನಡುನಡುವೆ ನನ್ನ ಗಂಟಲಿನದು. ಇಬ್ಬರೂ ಹೊಟ್ಟೆ ತುಂಬ ಕುಡಿದೆವು. ನಾನು ಮೊದಲು ಮುಗಿಸಿದೆ.

"ಇನ್ನೂ ಬೇಕೇನವ್ವ?" ಎಂದಳು ಅವ್ವ, ನೆಲ ನೋಡುತ್ತ.

ಬೇಕು ಎಂದೆ. ಅವಳು ಚೆಂಬು ತೆಗೆದುಕೊಂಡು ಒಳಗೆ ಹೋದಳು. ಯಾರೂ ತಡೆಯಲಿಲ್ಲ.